ಬಾಬಿನ್ನಿನೊಳಗಿನ ಕಾಳು

ಬೀದಿಯವರಿಗೆಲ್ಲ ಅವಳು ಮಿಷನ್ ಅಕ್ಕ. ಮೆಟ್ಟಿಲ ಕೆಳಗಿನ, ನೆಟ್ಟಗೆ ನಿಂತರೆ ತಲೆಗೆ ಸೂರು ತಗಲುವ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದಳು. ತಂದವರು ಬಾಯಿ ಬಿಡುವ ಮೊದಲೇ ಚಕ್ರ ಒಂದು ಸುತ್ತು ತಿರುಗಿಸಿ, ಕಿವಿಗೊಟ್ಟು, ಕಾಯಿಲೆ ಇಂಥದ್ದು ಎಂದುಬಿಡುವಳು.

ಅವಳ ಅಮ್ಮ ಬಟ್ಟೆ ಹೊಲಿಯುವವಳು. ಕಣ್ಣು ಮಂಜಾಗುತ್ತ ಬಂದರೂ ಅಮ್ಮನ ಕೈ ಮಾತ್ರ ಮೊದಲಿನಂತೆಯೇ ಓಡುತ್ತಿತ್ತು. ಬಟ್ಟೆಯ ಅಂಚನ್ನು ಬೆರಳಲ್ಲೇ ಓದಿಕೊಂಡು ಗೆರೆ ಎಳೆದಂತೆ ಹೊಲಿಯುವಳು. ಅವಳನ್ನು ಸೋಲಿಸಿದ್ದು ಬಾಬಿನ್. ಯಂತ್ರದ ಹೊಟ್ಟೆಯೊಳಗೆ ಕೂತ ಆ ಪುಟ್ಟ ಉರುಳೆಯಲ್ಲಿ ದಾರ ಯಾವಾಗ ಮುಗಿಯಿತೆಂದು ಕಣ್ಣಿದ್ದವರಿಗೇ ತಿಳಿಯದು. ಒಂದು ಮಧ್ಯಾಹ್ನ ಅಮ್ಮ ಕೋಟೊಂದರ ಒಳಪದರವನ್ನು ಪೂರ್ತಿ ಹೊಲಿದು ಎತ್ತಿದರೆ ಎರಡು ತುಂಡುಗಳೂ ಬೇರೆ ಬೇರೆಯಾಗಿ ಕೈಗೆ ಬಂದವು. ಯಂತ್ರಕ್ಕೆ ಮುಚ್ಚಳ ಹಾಕಿದವಳು ಎರಡು ದಿನ ಅದನ್ನು ತೆಗೆಯಲಿಲ್ಲ.

ಮಗಳ ತಲೆಯೊಳಗೆ ಹುಳ ಹೊಕ್ಕಿದ್ದು ಆಗಲೇ. ದಾರ ಮುಗಿಯುವುದನ್ನು ತಿಳಿಸಲೆಂದು ಮೊದಲು ಅದಕ್ಕೆ ಆತುಕೊಳ್ಳುವಂತೆ ಸ್ಪ್ರಿಂಗ್ ಇಟ್ಟಳು. ದಾರ ಉಜ್ಜಿ ಉಜ್ಜಿ ತುಂಡಾಯಿತು. ಪುಟ್ಟ ಸನ್ನೆಗೋಲು ಇಟ್ಟಳು, ಅದೂ ಅಷ್ಟೇ. ಏಳು ತಿಂಗಳು ಹೀಗೇ ಹೋದ ಮೇಲೆ, ದಾರವನ್ನು ಹೊರಗಿನಿಂದ ಮುಟ್ಟುವುದೇ ಬೇಡವೆಂದು ಹೊಳೆಯಿತು. ಬಾಬಿನ್ನಿನ ನಡುಗಂಬದಲ್ಲಿ ಗುಳಿ ಕೊರೆದು, ಸಾಸಿವೆಗಿಂತ ಚಿಕ್ಕದೊಂದು ಉಕ್ಕಿನ ಕಾಳನ್ನು ಅದರಲ್ಲಿ ಕೂರಿಸಿ, ಹಾರಿಹೋಗದಂತೆ ಗುಳಿಯ ಬಾಯಿ ಕಿರಿದು ಮಾಡಿದಳು. ಮೇಲೆ ದಾರ ಬಿಗಿಯಾಗಿ ಸುತ್ತಿರುವಷ್ಟು ಹೊತ್ತು ಕಾಳು ಮಿಸುಕದು. ಕೊನೆಯ ಕೆಲವೇ ಸುತ್ತು ಉಳಿದಾಗ ಹಿಡಿತ ಸಡಿಲಾಗಿ ಕುಣಿಯತೊಡಗುತ್ತದೆ: ಟಿಕ್, ಟಿಕ್.

ಅಮ್ಮ ಕಾಲು ನಿಲ್ಲಿಸಿ ಕೂತಲ್ಲೇ ಕೇಳಿಸಿಕೊಂಡಳು. ‘ಮಾತಾಡ್ತಿದೆ ಕಣೇ ಇದು,’ ಎಂದಳು.

ಯಂತ್ರದ ಬಿಡಿಭಾಗ ತಂದುಕೊಡುವ ವ್ಯಾಪಾರಿಯ ಕಿವಿಗೂ ಆ ಸದ್ದು ಬಿತ್ತು. ಒಂದು ವಾರದ ಮಟ್ಟಿಗೆ ಕೊಟ್ಟರೆ ದೊಡ್ಡ ಕಂಪನಿಯ ಇಂಜಿನಿಯರುಗಳಿಗೆ ತೋರಿಸಿ ತರುತ್ತೇನೆ ಎಂದ. ಮಿಷನ್ ಅಕ್ಕ ಆಗಲೇ ಬಾಬಿನ್ನನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ಅಮ್ಮ ಒಳಗಿನಿಂದಲೇ, ‘ಕೊಟ್ಟ ಮೇಲೆ ಅದು ನಿಂದು ಅಂತ ತೋರಿಸೋಕೆ ನಿನ್ನ ಹತ್ರ ಏನುಳಿಯತ್ತೆ?’ ಎಂದಳು. ಸುತ್ತುತ್ತಿದ್ದ ಕೈ ನಿಂತಿತು. ಮರುದಿನ ಅವಳು ಪೇಟೆಂಟ್ ವಕೀಲೆಯೊಬ್ಬರನ್ನು ಹುಡುಕಿಕೊಂಡು ಹೋದಳು.

ವಕೀಲೆಯ ಮೊದಲ ಪ್ರಶ್ನೆ, ಒಳಗಿನ ಕಾಳನ್ನು ಯಾರ್ಯಾರು ನೋಡಿದ್ದಾರೆ ಎಂಬುದು. ಅಮ್ಮನೊಬ್ಬಳೇ, ಅವಳೂ ಬೆರಳಲ್ಲಿ ನೋಡಿದ್ದು ಎಂದಾಗ ವಕೀಲೆ ನಕ್ಕರು. ಅರ್ಜಿ ಹಾಕುವ ತನಕ ಯಾರ ಮುಂದೆಯೂ ತುಟಿ ಬಿಚ್ಚಬೇಡಿ ಎಂದರು. ಹಾಗೇ, ಇದು ಈ ಮೊದಲು ಯಾರಿಗಾದರೂ ಹೊಳೆದಿತ್ತೋ ನೋಡೋಣ ಎಂದು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು.

ಒಂದಾದ ಮೇಲೊಂದು ಹಳೆಯ ಪೇಟೆಂಟುಗಳ ಚಿತ್ರಗಳು ಬಂದವು. ತೊಂಬತ್ತು ವರ್ಷದ ಹಿಂದೆ ಯಾವುದೋ ದೇಶದಲ್ಲಿ ಯಾರೋ ಬರೆದ ಸ್ಪ್ರಿಂಗು. ಅವಳು ಮಾಡಿ ಎಸೆದದ್ದೇ ಅದು, ಬಾಗು ಕೂಡ ಹಾಗೇ. ಇನ್ನೊಬ್ಬರ ಸನ್ನೆಗೋಲು. ಮತ್ತೊಬ್ಬರು ಗಂಟೆ ಕಟ್ಟಿದ್ದರು. ಎಲ್ಲರೂ ದಾರ ಸವೆಯುವಲ್ಲಿಗೆ ಬಂದು ನಿಂತವರೇ. ಮೆಟ್ಟಿಲ ಕೆಳಗೆ ತಾನೊಬ್ಬಳೇ ಒದ್ದಾಡುತ್ತಿದ್ದೇನೆಂದು ಅವಳು ಅಂದುಕೊಂಡಿದ್ದಳು. ಭಾಷೆ ಗೊತ್ತಿಲ್ಲದ, ಮುಖ ನೋಡದ ಅಷ್ಟೊಂದು ಜನ ಇದೇ ಬಾಬಿನ್ನಿನ ಮುಂದೆ ತಲೆ ಕೆರೆದುಕೊಂಡಿದ್ದರು.

‘ಇವರೆಲ್ಲ ಈಗ ಇಲ್ವಾ?’ ಎಂದು ಕೇಳಿದಳು.

‘ಹೆಚ್ಚಿನವರು ಇಲ್ಲ. ಅವರ ಹಕ್ಕಿನ ಅವಧಿಯೂ ಮುಗಿದಿದೆ, ಅವರದ್ದನ್ನ ಈಗ ಯಾರು ಬೇಕಾದ್ರೂ ಬಳಸ್ಬಹುದು. ಆದ್ರೆ ಕಾಳನ್ನ ದಾರದ ಒಳಗಡೆ ಇಡೋದು ಇವರ್ಯಾರಿಗೂ ಹೊಳೆದಿಲ್ಲ.’

ಅವಳು ಮೊದಲಿನ ಚಿತ್ರವನ್ನು ಇನ್ನೊಮ್ಮೆ ತೋರಿಸಿ ಎಂದು ಕೈಸನ್ನೆ ಮಾಡಿದಳು.

ಅರ್ಜಿ ಹೋಯಿತು. ಪರೀಕ್ಷಕರು ಆಕ್ಷೇಪ ಎತ್ತಿದರು, ವಕೀಲೆ ಉತ್ತರ ಕೊಟ್ಟರು, ಮತ್ತೆ ಆಕ್ಷೇಪ ಬಂತು. ಮೂರು ವರ್ಷಕ್ಕೆ ಪೇಟೆಂಟ್ ಕೈಸೇರಿತು. ಇಷ್ಟರಲ್ಲಿ ಯಂತ್ರ ತಯಾರಿಸುವ ದೊಡ್ಡ ಕಂಪನಿಯೊಂದು ತಾನಾಗಿಯೇ ಕರೆ ಕಳಿಸಿತು.

ಹನ್ನೊಂದನೇ ಮಹಡಿ. ಉದ್ದನೆಯ ಮೇಜಿನ ಆಚೆ ಏಳು ಜನ, ಈಚೆ ಅವಳು ಮತ್ತು ವಕೀಲೆ. ಹಕ್ಕನ್ನು ಪೂರ್ತಿ ಬರೆದುಕೊಡಿ ಎಂದರು. ಹೇಳಿದ ಮೊತ್ತ ಅವಳು ಎಂದೂ ಕಂಡಿರದಷ್ಟು ದೊಡ್ಡದು. ಯಾವ ಯಂತ್ರಕ್ಕೆ ಹಾಕುತ್ತೀರಿ ಎಂದು ಕೇಳಿದಳು. ಕಾರ್ಖಾನೆಗಳ ದುಬಾರಿ ಯಂತ್ರಗಳಿಗೆ ಮಾತ್ರ. ಮನೆಯಲ್ಲಿ ಕಾಲಲ್ಲಿ ತುಳಿಯುವಂಥವಕ್ಕೆ ಇದೆಲ್ಲ ಯಾಕೆ ಎಂದರು.

ಮೆತ್ತನೆಯ ಕುರ್ಚಿಯಲ್ಲಿ ಅವಳು ಸ್ವಲ್ಪ ಮುಂದಕ್ಕೆ ಸರಿದಳು. ‘ನಮ್ಮಮ್ಮ ತುಳಿಯೋದು ಅಂಥದ್ದನ್ನೇ. ಮಾರೋದಿಲ್ಲ. ಬಳಸೋಕೆ ಲೈಸೆನ್ಸ್ ಕೊಡ್ತೀನಿ. ಕೇಳಿದ ಬೇರೆಯವ್ರಿಗೂ ಕೊಡ್ತೀನಿ. ತಗೊಂಡವ್ರು ಎಲ್ಲಾ ಮಿಷನ್ನಿಗೂ ಹಾಕ್ಬೇಕು.’

ಏಳು ಜನವೂ ಮುಂದಿದ್ದ ಕಡತ ಮುಚ್ಚಿದರು. ಲಿಫ್ಟಿನಲ್ಲಿ ಇಳಿಯುವಾಗ, ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೆ ನಂಬಲಾಗಲಿಲ್ಲ. ಎಂಟು ತಿಂಗಳು ಯಾರೂ ಅತ್ತ ಸುಳಿಯಲಿಲ್ಲ. ತಪ್ಪು ಮಾಡಿಬಿಟ್ಟೆನೇನೋ ಎಂದು ಅವಳು ಎಷ್ಟೋ ಸಲ ಕೈ ಕೈ ಹಿಸುಕಿಕೊಂಡಳು. ಆಮೇಲೆ ಆ ಕಂಪನಿಗೆ ಎದುರಾಳಿಯಾದ ಇನ್ನೊಂದು ಕಂಪನಿ ಅವಳ ಷರತ್ತಿಗೆ ಒಪ್ಪಿ ಸಹಿ ಹಾಕಿತು. ಅದು ತಿಳಿದದ್ದೇ ತಡ, ಹನ್ನೊಂದನೇ ಮಹಡಿಯವರೂ ಬಂದರು. ಈ ಸಲ ಮೆಟ್ಟಿಲ ಕೆಳಗಿನ ಅಂಗಡಿಗೇ, ತಲೆ ತಗ್ಗಿಸಿಕೊಂಡು.

ಎರಡು ವರ್ಷ ಕಳೆದ ಮೇಲೆ ಮೊದಲು ಸಹಿ ಹಾಕಿದ ಕಂಪನಿಯ ಮ್ಯಾನೇಜರು ತಾಯಿ ಮಗಳನ್ನು ಒಂದು ಬಟ್ಟೆ ಕಾರ್ಖಾನೆ ತೋರಿಸಲು ಕರೆದೊಯ್ದರು. ಒಂದೇ ಸೂರಿನಡಿ ನಾನೂರು ಯಂತ್ರ. ಬಾಗಿಲು ತೆರೆದಾಗ ಸದ್ದು ಎದೆಗೆ ಗುದ್ದಿತು. ಸ್ವಲ್ಪ ಹೊತ್ತಿನಲ್ಲಿ ಆ ಭೋರ್ಗರೆತದ ನಡುವೆ ಎಡಮೂಲೆಯಿಂದ ಟಿಕ್ ಟಿಕ್ ಕೇಳಿಸಿತು. ಬಲಗಡೆ ಇನ್ನೊಂದು. ಕೊನೆಯ ಸಾಲಿನಲ್ಲಿ ಮತ್ತೊಂದು. ಸದ್ದು ಬಂದ ಕಡೆಗೆಲ್ಲ ಅಮ್ಮನ ಮುಖ ತಿರುಗುತ್ತಿತ್ತು. ಅವಳಿಗೆ ಈಗ ಕಣ್ಣು ಪೂರ್ತಿ ಹೋಗಿತ್ತು.

ಪಕ್ಕದ ಯಂತ್ರದ ಹೆಂಗಸು ತಲೆ ಎತ್ತದೆ ಬಾಬಿನ್ ಬದಲಿಸಿದಳು. ದಾರ ಮುಗಿಯೋದು ಹೇಗೆ ಗೊತ್ತಾಗುತ್ತೆ ಎಂದು ಮಿಷನ್ ಅಕ್ಕ ಅವಳನ್ನು ಕೇಳಿದಳು.

‘ಟಿಕ್ ಅನ್ನತ್ತಲ್ಲಮ್ಮ,’ ಎಂದಳು ಆ ಹೆಂಗಸು, ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿ. ‘ಮಿಷನ್ ಅಂದ್ಮೇಲೆ ಅನ್ನಲೇಬೇಕಲ್ವಾ?’

ಇವಳು ಯಾರೆಂದು ಹೇಳಲು ಮ್ಯಾನೇಜರು ಬಾಯಿ ತೆರೆದರು. ಬೇಡವೆಂದು ಮಿಷನ್ ಅಕ್ಕ ಅವರ ತೋಳು ಮುಟ್ಟಿದಳು. ಹೆಂಗಸು ಆಗಲೇ ಮುಂದಿನ ಅಂಗಿಯ ತೋಳಿನ ಹೊಲಿಗೆಗೆ ಬಾಗಿದ್ದಳು. ಮ್ಯಾನೇಜರು ಚಹಾಕ್ಕೆ ಕರೆದರು. ತಾಯಿ ಮಗಳು ಕದಲಲಿಲ್ಲ. ಆ ದೊಡ್ಡ ಸೂರಿನಡಿ ಒಬ್ಬರ ಕೈ ಒಬ್ಬರು ಹಿಡಿದು, ಕೇಳುತ್ತಲೇ ನಿಂತರು.