ಇನ್ನೂರಕ್ಕೆ ಒಂಬತ್ತು ಕಡಿಮೆ

ಸೋಮವಾರ ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಪುರಸಭೆಯ ಗುಮಾಸ್ತ ಊರಿನ ಜನಗಣತಿಯ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದ. ಬಯಲಿನವರು 4,870. ಬೆಟ್ಟದವರು 1,123. ಬಂದರಿನವರು 228. ದ್ವೀಪದವರು 191. ಒಟ್ಟು 6,412.

ಮೂರನೇ ವಾರ್ಡಿನ ಎಣಿಕೆ ಮಾಡಿದ್ದ ಅಂಚೆಯಕ್ಕ ಕೊನೆಯ ಸಾಲನ್ನು ಎರಡು ಸಲ ಓದಿದಳು. ಹತ್ತು ವರ್ಷದ ಹಿಂದೆ ದ್ವೀಪದವರು 214 ಇದ್ದರು. ಒಂದು ಜನಾಂಗದವರು ಇನ್ನೂರಕ್ಕಿಂತ ಕಡಿಮೆಯಾದರೆ ಆ ಭಾಷೆಯ ತರಗತಿಯನ್ನು ಊರಿನ ಶಾಲೆಯಲ್ಲಿ ಮುಚ್ಚಬೇಕು, ಶಿಕ್ಷಕರನ್ನು ಬೇರೆ ಕಡೆಗೆ ಕಳಿಸಬೇಕು ಎಂಬುದು ನಿಯಮ. ದ್ವೀಪದ ಭಾಷೆಯ ಟೀಚರ್ ಬೇರೆ ಯಾರೂ ಅಲ್ಲ, ಅವಳ ಸೊಸೆ. ವರ್ಗವಾದರೆ ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರು. ಸೊಸೆಯ ಜೊತೆ ಆರು ವರ್ಷದ ಮೊಮ್ಮಗಳೂ ಹೊರಡುತ್ತಾಳೆ. ಬಸ್ ಡಿಪೋದಲ್ಲಿ ರಿಪೇರಿ ಕೆಲಸ ಮಾಡುವ ಮಗ ವಾರಕ್ಕೊಮ್ಮೆ ಅತ್ತ ಓಡಬೇಕು. ಮನೆ ಮೂರು ಪಾಲಾಗುತ್ತದೆ.

"ತಿದ್ದುಪಡಿಗೆ ಎಷ್ಟೊತ್ತಿನ ತನಕ ಟೈಮಿದೆ, ಗುಮಾಸ್ತರೇ?"

"ಐದು ಗಂಟೆ. ಐದೂ ಒಂದಕ್ಕೆ ಬಂದ್ರೆ ನನ್ನಪ್ಪ ಬಂದ್ರೂ ತಗೊಳ್ಳಲ್ಲ." ಗುಮಾಸ್ತ ಟೀಗೆ ಬ್ರೆಡ್ಡಿನ ಚೂರು ಅದ್ದಿದ. ಆಮೇಲೆ ದನಿ ತಗ್ಗಿಸಿ ಹೇಳಿದ, "ಅಕ್ಕಾ, ಬರೀ ಒಂಬತ್ತು ತಾನೇ? ಮೂರನೇ ವಾರ್ಡಿನ ಫಾರಂ ನಿಮ್ಮದೇ. ಒಂಬತ್ತು ಹೆಸರು ತುರುಕಿ. ಯಾರು ಬಂದು ತಲೆ ಎಣಿಸ್ತಾರೆ?"

"ಇಪ್ಪತ್ತೆರಡು ವರ್ಷದಲ್ಲಿ ಇಲ್ಲದ ಮನೆಗೆ ಒಂದು ಕಾಗದ ಹಾಕಿದವಳಲ್ಲ ನಾನು. ಈಗ ಇಲ್ಲದ ಮನುಷ್ಯನ್ನ ಹಾಕ್ಲಾ?"

"ಹಾಗಾದ್ರೆ ಬ್ರೆಡ್ಡಾದ್ರೂ ತಗೊಳ್ಳಿ. ಬೆಳಗ್ಗೆಯದು, ಇನ್ನೂ ಹತ್ತಿ ಇದ್ದ ಹಾಗಿದೆ."

ಅಂಚೆಯಕ್ಕ ಚೂರನ್ನು ಬಾಯಿಗೆ ಹಾಕಿಕೊಂಡಳು. ಅಗಿಯುತ್ತಿದ್ದವಳು ನಿಲ್ಲಿಸಿದಳು. ಬೆಳಗ್ಗೆಗೆ ಬ್ರೆಡ್ ಬಂದಿದೆ ಎಂದರೆ ರಾತ್ರಿಯಿಡೀ ಯಾರೋ ಸುಟ್ಟಿದ್ದಾರೆ. ಶನಿವಾರ ರಾತ್ರಿಯೂ ಸುಟ್ಟಿದ್ದಾರೆ. ಶನಿವಾರವೇ ಎಣಿಕೆಯ ರಾತ್ರಿ.

ಭಾನುವಾರ ಬೆಳಗ್ಗೆ ಅವಳು ಮನೆ ಮನೆಗೂ ಹೋಗಿ ಕೇಳಿದ್ದು ಒಂದೇ ಪ್ರಶ್ನೆ: ರಾತ್ರಿ ಈ ಮನೆಯಲ್ಲಿ ಮಲಗಿದ್ದವರು ಯಾರ್ಯಾರು? ಬೇರೆಡೆ ಮಲಗಿದವರು ಅಲ್ಲಲ್ಲೇ ಲೆಕ್ಕಕ್ಕೆ ಸಿಗುತ್ತಾರೆ ಎಂದು ನಂಬಿದ್ದಳು. ಬ್ರೆಡ್ ಕಾರ್ಖಾನೆಯ ಹಿಂದೆ ದ್ವೀಪದವರೇ ಹೆಚ್ಚಾಗಿದ್ದ ಎರಡು ಓಣಿಗಳ ಹೆಂಗಸರು ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದರು: ನಾನು, ಅತ್ತೆ, ಮಕ್ಕಳು.

"ಕಾರ್ಖಾನೆಯ ಫಾರಂ ಎಲ್ಲಿ? ತೆಗೀರಿ ಬೇಗ!"

ಗುಮಾಸ್ತ ಕಟ್ಟು ಬಿಚ್ಚಿ ಹುಡುಕಿದ. ಕಾರ್ಖಾನೆಗೆ ಹೋಗಿದ್ದ ಇನ್ನೊಬ್ಬ ಎಣಿಕೆದಾರ ಬರೆದಿದ್ದ: ಮಲಗುವ ಜಾಗವಲ್ಲ. ಸೊನ್ನೆ.

"ಮಲಗಿದ್ರೆ ತಾನೇ ಸಿಗೋದು! ಅವರು ಎಲ್ಲೂ ಮಲಗೇ ಇಲ್ಲ!" ಎಂದು ಅಂಚೆಯಕ್ಕ ಕೂಗಿದಳು. ನಿಯಮದ ಹಾಳೆಯನ್ನು ಬೆರಳಲ್ಲಿ ಒತ್ತಿ ಓದಿದಳು. ರಾತ್ರಿ ಕೆಲಸದಲ್ಲಿದ್ದವರನ್ನು ಅವರವರ ಮನೆಯಲ್ಲೇ ಬರೆಯಬೇಕು ಎಂದು ಹನ್ನೊಂದನೇ ಸಾಲಿನಲ್ಲಿ ಸ್ಪಷ್ಟವಾಗಿತ್ತು. ಅವಳು ಹತ್ತನೇ ಸಾಲಿಗೇ ಓದುವುದನ್ನು ನಿಲ್ಲಿಸಿ ಪೆನ್ನು ಹಿಡಿದು ಹೊರಟಿದ್ದಳು.

"ಆದ್ರೆ ಹೊಸದಾಗಿ ಸೇರಿಸೋರು ಸ್ವಂತ ಬಾಯಿಂದ ಹೇಳಿ, ಸ್ವಂತ ಕೈಯಿಂದ ಸಹಿ ಹಾಕಬೇಕು," ಎಂದ ಗುಮಾಸ್ತ. "ಈಗ ಅವರೆಲ್ಲ ಗೊರಕೆ ಹೊಡೀತಿರ್ತಾರೆ."

"ಎಬ್ಬಿಸ್ತೀನಿ."

ಅಂಚೆ ಸೈಕಲ್ಲು ಅಷ್ಟು ಜೋರಾಗಿ ಎಂದೂ ಓಡಿರಲಿಲ್ಲ. ಎರಡೂ ಮುಕ್ಕಾಲಿಗೆ ಅವಳು ಒಲೆ ಮೇಸ್ತ್ರಿಯ ಬಾಗಿಲು ಬಡಿಯುತ್ತಿದ್ದಳು. ಕಾರ್ಖಾನೆಯ ದೊಡ್ಡ ಒಲೆ ಅವನ ಸುಪರ್ದಿಯಲ್ಲಿತ್ತು, ಆದ್ದರಿಂದ ಆ ಹೆಸರು. ಅವನ ಹೆಂಡತಿ ತುಟಿಯ ಮೇಲೆ ಬೆರಳಿಟ್ಟುಕೊಂಡು ಬಾಗಿಲು ತೆರೆದಳು.

"ಮೆಲ್ಲಗೆ ಅಕ್ಕಾ! ಈಗ ಎಬ್ಬಿಸಿದ್ರೆ ಮನೆ ಹಾರಿಸಿಬಿಡ್ತಾರೆ."

"ಹಾರಿಸಲಿ. ನಿನ್ನೆ ನಾನು ಕೇಳಿದಾಗ ಇವರ ಹೆಸರು ಯಾಕೆ ಹೇಳಲಿಲ್ಲ ನೀನು?"

"ಮಲಗಿದ್ದೋರು ಯಾರು ಅಂದ್ರಿ. ಮದುವೆಯಾಗಿ ಹನ್ನೆರಡು ವರ್ಷ ಆಯ್ತು, ಈ ಮನುಷ್ಯ ಯಾವ ರಾತ್ರಿ ಮನೇಲಿ ಮಲಗಿದಾನೆ ಅಂತ ಹೇಳಲಿ?"

ಒಳಗಿನ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಲಾಗಿತ್ತು. ಮೇಸ್ತ್ರಿಯ ಕೈಕೂದಲಿಗೆ ಇನ್ನೂ ಹಿಟ್ಟು ಅಂಟಿತ್ತು. ಮೂರನೇ ಸಲ ಅಲುಗಿಸಿದಾಗ ಅವನು ಕಣ್ಣು ಬಿಡದೆಯೇ "ತಟ್ಟೆ ಹೊರಗೆ ಎಳಿ, ಹತ್ತಿಹೋಗುತ್ತೆ!" ಎಂದು ಗುಡುಗಿದ. ವಿಷಯ ತಿಳಿದೊಡನೆ ದಡಬಡಿಸಿ ಎದ್ದು ಕೂತ. ಅವನ ಮಗಳು ಆ ತರಗತಿಯಲ್ಲಿ ಓದುತ್ತಿದ್ದಳು.

"ಯಾರು ನೀವು? ಯಾವ ಖಾನೆ?" ಅಂಚೆಯಕ್ಕ ನಿಯಮದಂತೆ ಕೇಳಿದಳು.

"ದ್ವೀಪದೋನು ಕಣಕ್ಕಾ! ಬಾಯಿ ತೆರೆದ್ರೆ ಗೊತ್ತಾಗಲ್ವಾ?"

"ಗೊತ್ತಾದ್ರೂ ಕೇಳಬೇಕು. ಸಹಿ ಹಾಕಿ."

ಅಂಗಿಯ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಂಡೇ ಮೇಸ್ತ್ರಿ ಅವಳ ಮುಂದೆ ಓಡಿದ. ಹಿಟ್ಟು ನಾದುವ ಅಣ್ಣತಮ್ಮಂದಿರು ಒಂದೇ ಹಾಸಿಗೆಯಲ್ಲಿ ತಲೆ ಒಬ್ಬನದು ಅತ್ತ, ಒಬ್ಬನದು ಇತ್ತ ಮಾಡಿ ಬಿದ್ದುಕೊಂಡಿದ್ದರು. ಮೇಸ್ತ್ರಿ ಒಬ್ಬನ ಕಾಲು ಹಿಡಿದೆಳೆದರೆ ಇಬ್ಬರೂ ಎದ್ದರು. ಪೊಟ್ಟಣ ಕಟ್ಟುವ ವಿಧವೆ, ಅವಳ ತಂಗಿ, ತಕ್ಕಡಿಯವನು, ಬೂದಿ ಎತ್ತುವ ಮುದುಕ, ಗಾಡಿಗೆ ತುಂಬುವವನು. ಎರಡು ಓಣಿಯಲ್ಲಿ ಬಾಗಿಲುಗಳು ಪಟಪಟ ತೆರೆದುಕೊಂಡವು. ಮೂರೂ ಮುಕ್ಕಾಲಿಗೆ ಎಂಟು ಸಹಿ ಬಿದ್ದಿದ್ದವು. ಎಂಟೂ ದ್ವೀಪದವರು.

"ನೂರಾ ತೊಂಬತ್ತೊಂಬತ್ತು!" ಎಂದ ಮೇಸ್ತ್ರಿ. "ಇನ್ನೊಬ್ಬ ಉಳಿದಿದಾನೆ. ಗಡಿಯಾರ!"

ಗಡಿಯಾರ ಎಂದರೆ ಬ್ರೆಡ್ ಕಾರ್ಖಾನೆಯ ರಾತ್ರಿ ಕಾವಲುಗಾರ. ಅವನು ಹೊಡೆಯುವ ಗಂಟೆಗೆ ಊರಿನವರು ಗಡಿಯಾರ ಹೊಂದಿಸಿಕೊಳ್ಳುತ್ತಿದ್ದರು. ಅವನು ಬರಿಮೈಯಲ್ಲಿ ಹೊಸ್ತಿಲಿಗೆ ಬಂದು ನಿಂತಾಗ ಓಣಿಯಲ್ಲಿ ಇಪ್ಪತ್ತು ಜನ ತುದಿಗಾಲಲ್ಲಿದ್ದರು.

"ನಮ್ಮಪ್ಪ ಬೆಟ್ಟದೋನು, ನಮ್ಮಮ್ಮ ದ್ವೀಪದೋಳು," ಎಂದ ಅವನು. "ಯಾವುದು ಬರೀತೀಯಕ್ಕಾ?"

"ಅಮ್ಮನ್ನ ನೆನೆಸ್ಕೊಳ್ಳೋ!" ಎಂದು ಮೇಸ್ತ್ರಿ ಕೂಗಿದ.

"ಶ್! ಯಾರೂ ಬಾಯಿ ಹಾಕ್ಬಾರದು," ಎಂದು ಅಂಚೆಯಕ್ಕ ಗದರಿದಳು. "ನೀನೇ ಹೇಳಬೇಕಪ್ಪಾ. ನಾನು ಹೇಳಿಕೊಡೋ ಹಾಗಿಲ್ಲ." ಹಾಗೆಂದು ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು ನಿಂತಳು. ಮೊಮ್ಮಗಳ ಕೆಂಪು ಬೂಟು ಕಣ್ಣ ಮುಂದೆ ಬಂತು.

ಗಡಿಯಾರ ಗಲ್ಲ ಕೆರೆದುಕೊಂಡ. "ಐವತ್ತು ವರ್ಷಕ್ಕೆ ಇವತ್ತೇ ಒಬ್ರು ಕೇಳಿದ್ದು. ಅಮ್ಮನ ಭಾಷೇಲಿ ನಂಗೆ ನಾಲ್ಕು ಬೈಗುಳ ಬಿಟ್ರೆ ಏನೂ ಬರಲ್ಲ. ಅಪ್ಪನ ಜೊತೆನೇ ಬೆಳೆದೋನು. ಸುಳ್ಳು ಯಾಕೆ? ಬೆಟ್ಟ ಅಂತ ಬರಿ."

ಆ ನಾಲ್ಕನ್ನೂ ಮೇಸ್ತ್ರಿ ಅವನ ಮೇಲೆ ಪ್ರಯೋಗಿಸಿದ. ಅಂಚೆಯಕ್ಕ ಬೆಟ್ಟದವರ ಖಾನೆಯಲ್ಲೇ ಗುರುತು ಹಾಕಿ ಸಹಿ ತೆಗೆದುಕೊಂಡಳು.

ನಾಲ್ಕೂವರೆಗೆ ಅವಳು ಪುರಸಭೆ ತಲುಪಿದಾಗ ಸೊಸೆ ಶಾಲೆಯಿಂದ ನೇರವಾಗಿ ಬಂದು ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮೊಮ್ಮಗಳು ಕಾಲು ಆಡಿಸುತ್ತಿದ್ದಳು. ಓಣಿಯ ಅರ್ಧ ಜನ ಅಂಚೆಯಕ್ಕನ ಹಿಂದೆಯೇ ನುಗ್ಗಿದರು. ಗುಮಾಸ್ತ ಕೂಡಿದ. ಹಲಗೆಯ ಮೇಲಿನ ಅಂಕಿ ಒರೆಸಿ 199 ಎಂದು ಬರೆದ.

"ಒಂದೇ ಒಂದು, ಅಕ್ಕಾ," ಎಂದ. ಈ ಸಲ ಅವನ ದನಿಯೂ ಏರಿತ್ತು.

ಸೊಸೆ ಎದ್ದು ಬಂದು ಮೂರನೇ ವಾರ್ಡಿನ ಹಾಳೆಗಳನ್ನು ಮಕ್ಕಳ ಉತ್ತರಪತ್ರಿಕೆ ನೋಡುವಂತೆ ಒಂದೊಂದಾಗಿ ತಿರುವಿದಳು. ಹದಿನೇಳನೇ ಮನೆಯ ಫಾರಂ ಬಂದಾಗ ಅವಳ ಬೆರಳು ನಿಂತಿತು.

"ಅತ್ತೆ, ಇದು ನಮ್ಮನೆದು ಅಲ್ವಾ? ಇಲ್ಲಿ ದ್ವೀಪದೋರು ಸೊನ್ನೆ ಅಂತ ಇದೆ."

ಊರಲ್ಲಿ ಅಂಚೆಯಕ್ಕ ಕೇಳದೆ ಬರೆದ ಫಾರಂ ಅದೊಂದೇ. ಭಾನುವಾರ ಬೆಳಕು ಹರಿಯುವ ಮೊದಲೇ ಅಡುಗೆಮನೆಯ ಮೇಜಿನ ಮೇಲೆ ತುಂಬಿದ್ದಳು. ನಾಲ್ಕು ಹೆಸರು, ನಾಲ್ಕೂ ಬಯಲಿನವರು.

"ಮದುವೆ ದಿನ ಹೇಳಿದ್ನಲ್ಲೇ, ಇನ್ಮೇಲೆ ನೀನು ನಮ್ಮೋಳು ಅಂತ," ಎಂದಳು. "ಅದೇ ಲೆಕ್ಕದಲ್ಲಿ ಬರೆದೆ ಮಗಳೇ."

"ಎಂಟು ವರ್ಷದಿಂದ ಊಟಕ್ಕೆ ಕೂತಾಗೆಲ್ಲ 'ನೀವು ದ್ವೀಪದೋರು ಉಪ್ಪು ಸುರೀತೀರಿ' ಅಂತೀರಿ. ಉಪ್ಪಿಗೆ ಮಾತ್ರ ದ್ವೀಪದೋಳು, ಫಾರಮ್ಮಿಗೆ ಬಯಲಿನೋಳಾ?"

ಓಣಿಯವರು ಗೊಳ್ಳೆಂದರು. ಅಂಚೆಯಕ್ಕನ ಮುಖ ಕೆಂಪೇರಿತು. ಪೆನ್ನು ತೆಗೆದು, ಬೇರೆಯವರನ್ನು ಕೇಳಿದ ದನಿಯಲ್ಲೇ ಕೇಳಿದಳು, "ಯಾರು ನೀವು? ಯಾವ ಖಾನೆ?"

"ದ್ವೀಪದವಳು. ಹದಿನೇಳನೇ ಮನೆಯ ಸೊಸೆ. ಎರಡನ್ನೂ ಬರ್ಕೊಳ್ಳಿ."

ಗಂಟೆ ನಾಲ್ಕೂ ಐವತ್ತೆರಡು. ತಿದ್ದುಪಡಿಗೆ ಕಾರಣ ಬರೆಯಲು ಒಂದು ಸಾಲಿತ್ತು. ಮೊದಲ ಒಂಬತ್ತು ಜನರಿಗೆ 'ರಾತ್ರಿ ಕೆಲಸದಲ್ಲಿದ್ದರು' ಎಂದಿತ್ತು. ಹತ್ತನೆಯದಕ್ಕೆ 'ಕಣ್ತಪ್ಪು ಅಂತ ಹಾಕಿಬಿಡಿ' ಎಂದು ಗುಮಾಸ್ತ ಸಲಹೆ ಕೊಟ್ಟ. ಅಂಚೆಯಕ್ಕ ಬೇಡವೆಂದು ತಲೆಯಾಡಿಸಿ 'ಎಣಿಕೆದಾರಳು ಕೇಳಲಿಲ್ಲ' ಎಂದು ಬರೆದು ಕೆಳಗೆ ಸಹಿ ಹಾಕಿದಳು. ಸೊಸೆಯೂ ಹಾಕಿದಳು.

"ಅಜ್ಜಿ, ನಾನ್ಯಾವ ಖಾನೆ?" ಎಂದು ಮೊಮ್ಮಗಳು ಮೇಜಿಗೆ ಗದ್ದ ಊರಿದಳು.

"ಅದನ್ನ ನಿಮ್ಮಪ್ಪ ಅಮ್ಮ ಇಬ್ರೂ ಕೂತು ಹೇಳಬೇಕು. ನಿಮ್ಮಪ್ಪ ಈಗ ಯಾವುದೋ ಬಸ್ಸಿನ ಕೆಳಗೆ ಮಲಗಿದಾನೆ. ಮುಂದಿನ ಎಣಿಕೆಗೆ ನೀನೇ ಹೇಳುವೆಯಂತೆ."

ಗುಮಾಸ್ತ ಹಲಗೆಯನ್ನು ಪೂರ್ತಿ ಒರೆಸಿ ಹೊಸದಾಗಿ ಬರೆದ. ಬಯಲಿನವರು 4,869. ಬೆಟ್ಟದವರು 1,124. ಬಂದರಿನವರು 228. ಕೊನೆಯ ಸಾಲು ಬರೆಯುವಾಗ ಓಣಿಯವರು ಉಸಿರು ಬಿಗಿಹಿಡಿದಿದ್ದರು. ಎರಡು, ಸೊನ್ನೆ, ಸೊನ್ನೆ. ಮೇಸ್ತ್ರಿ ಹಾಕಿದ ಕೇಕೆಗೆ ಕಿಟಕಿಯ ಗಾಜು ಕಂಪಿಸಿತು. ಒಟ್ಟು 6,421 ಎಂದು ಬರೆದು ಗುಮಾಸ್ತ ಸೀಲು ಒತ್ತಿದ. ನಾಲ್ಕೂ ಐವತ್ತೆಂಟು.

ನಿದ್ದೆಗೆಟ್ಟ ಒಂಬತ್ತು ಜನರೂ ಅಂದು ರಾತ್ರಿ ಕೆಲಸಕ್ಕೆ ಹೋದರು. ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ದ್ವೀಪದ ಭಾಷೆಯ ತರಗತಿ ಎಂದಿನಂತೆ ಶುರುವಾಯಿತು. ಊರಿಗೆ ಬ್ರೆಡ್ ಮುಕ್ಕಾಲು ಗಂಟೆ ತಡವಾಗಿ ಬಂತು.