ಮೂರು ಇಪ್ಪತ್ತು

“ತಡ್ರಿ, ತಡ್ರಿ! ನೂಕಬ್ಯಾಡ್ರಿ! ಹೊಟ್ಟಿ ಕಲ್ಲಿಗೆ ಬಡಿತೈತಿ!”

ಅಕ್ಬರ ಬೈಕಿಗೆ ಸ್ಟ್ಯಾಂಡು ಹಾಕುವಷ್ಟೂ ಪುರುಸೊತ್ತಿಲ್ಲದೆ ಅದನ್ನು ಗೋಡೆಗೆ ಆನಿಸಿ ಓಡಿ ಬಂದ. ಯಂಕೋಬನ ಮನೆಯ ಮುಂದೆ ಆರು ಮಂದಿ ಗಂಡಸರು ಕೆಂಪು ಕಾರಿಗೆ ಹೆಗಲು ಕೊಟ್ಟು ನಿಂತಿದ್ದರು. ಮುಂದಿನ ಗಾಲಿಗಳು ಚರಂಡಿಯ ಮೇಲಿನ ಪರಸಿಕಲ್ಲಿಗೆ ತಾಗಿದ್ದವು. ನಿನ್ನೆ ಸಂಜೆಯಿಂದ ಕಾರು ಬಾಗಿಲಿಗೆ ಅಡ್ಡವಾಗಿಯೇ ನಿಂತಿತ್ತು. ಅದನ್ನು ಸರಿಸದೆ ಯಂಕೋಬನ ಹೆಣವನ್ನು ಹೊರಗೆ ತಂದು ಕಟ್ಟೆಯ ಮೇಲೆ ಕೂರಿಸುವಂತಿರಲಿಲ್ಲ. ಮಣ್ಣಿಗೆ ಬಂದ ಮಂದಿಗೆ ನಿಲ್ಲಲೂ ಜಾಗವಿರಲಿಲ್ಲ.

“ಒಳಗ ಕುಂತು ಚಾಲೂ ಮಾಡೂದು ಬಿಟ್ಟು ಇದೇನ್ರಿ, ಬಂಡಿ ನೂಕಿದಂಗ ನೂಕಾಕತ್ತೀರಿ?” ಅಕ್ಬರ ಕೇಳಿದ. ಅವನದು ಗಂಗಾವತಿಯಲ್ಲಿ ಗ್ಯಾರೇಜು. ಎಂಟು ವರ್ಷದಿಂದ ಈ ಕಾರಿನ ಒಂದೊಂದು ನಟ್ಟೂ ಅವನ ಕೈಯಲ್ಲಿ ತಿರುಗಿದ್ದೇ.

“ಹಂಗಾರ ನೀನ ಕುಂಡ್ರಪಾ,” ಯಂಕೋಬನ ತಮ್ಮ ಅಯ್ಯಪ್ಪ ಹೇಳಿದ. ಅವನು ಕಿಟಕಿಯಿಂದ ಕೈ ತೂರಿಸಿ ಸ್ಟೇರಿಂಗು ಹಿಡಿದಿದ್ದ. “ಅಣ್ಣ ಜೀವ ಬಿಟ್ಟ ಸೀಟಿನ್ಯಾಗ ನಾನಂತೂ ಕುಂಡ್ರಂಗಿಲ್ಲ.”

ಅಕ್ಬರ ಬಾಗಿಲ ಹಿಡಿಕೆಗೆ ಕೈ ಹಾಕಿದ. ಸೀಟು ನೋಡಿದ. ಯಂಕೋಬ ಬೆನ್ನಿಗೆ ಒತ್ತಾಗಿ ಇಟ್ಟುಕೊಳ್ಳುತ್ತಿದ್ದ ಸಣ್ಣ ಟವೆಲ್ಲು ಹಾಗೇ ಇತ್ತು. ಅವನ ಕೈ ತಾನಾಗಿ ಹಿಂದಕ್ಕೆ ಬಂತು.

“ಸರೀರಿ ಕಾಕಾ,” ಎಂದು ಅಮೃತಾ ಒಳಗಿನಿಂದ ಬಂದಳು. ಯಂಕೋಬನ ಒಬ್ಬಳೇ ಮಗಳು, ಇಪ್ಪತ್ತಮೂರರ ಹುಡುಗಿ. ಅತ್ತು ಅತ್ತು ಮುಖ ಬಾತುಹೋಗಿತ್ತು. ಯಾರ ಮುಖವನ್ನೂ ನೋಡದೆ ಸೀಟಿನಲ್ಲಿ ಕುಳಿತಳು. ಸೀಟು ಅಪ್ಪನ ಅಳತೆಗೆ ಹಿಂದೆ ಸರಿದಿತ್ತು, ಕಾಲು ಕ್ಲಚ್ಚಿಗೆ ಸರಿಯಾಗಿ ಎಟುಕಲಿಲ್ಲ. ಆದರೂ ಅದನ್ನು ಮುಂದೆ ಎಳೆದುಕೊಳ್ಳಲಿಲ್ಲ. ಅಪ್ಪ ಕಲಿಸಿದ ಹಾಗೆ ಕಾರನ್ನು ಓರೆ ಮಾಡಿ, ಒಂದೊಂದೇ ಗಾಲಿಯನ್ನು ಕಲ್ಲಿನ ಮೇಲೆ ಏರಿಸಿ ಇಳಿಸಿದಳು.

ಎಂಜಿನ್ನು ಗುಡುಗುಡು ಅಂದದ್ದೇ ತಡ, ಒಳಗಿನಿಂದ ಲಲಿತಾ ಕೂಗಿದಳು. “ಬಂದ್ ಮಾಡ್ರಿ ಅದನ್ನ! ನನಗ ಅದರ ಸಪ್ಪಳ ಕೇಳಬಾರದು! ಇವತ್ತ ಅದು ಈ ಮನೀ ಬಿಟ್ಟು ಹೋಗಬೇಕು!”

ಗಂಡನ ಕಾಲ ಬಳಿ ಕುಳಿತಿದ್ದವಳು ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಮಗ್ಗಲ ಮನೆಯ ರೇಣುಕಾ ಅವಳ ಬೆನ್ನು ಸವರಿದಳು. ಆಗಷ್ಟೇ ಹನುಮಸಾಗರದಿಂದ ಬಂದಿಳಿದಿದ್ದ ಲಲಿತಾಳ ತವರಿನ ಹೆಂಗಸರಿಗೆ ನಡೆದದ್ದನ್ನು ಹೇಳಿದಳು.

“ಗಾಡಿ ಬಂದು ನಿಂತಿದ್ದಷ್ಟ ತಡರಿ, ಲಲಿತಕ್ಕ ಓಡಿ ಹ್ವಾದ್ಲು. ಬಾಗಲಾ ತಗಿಯೂದ್ರಾಗ ಮುಗದ ಹೋಗಿತ್ತು. ಇಕಿ ಕೈಯಾಗ ಜೀವ ಹೋತ್ರಿ. ಹೆಣ್ತಿ ಮಾರಿ ನೋಡಿ ಹ್ವಾದ, ಪುಣ್ಯಾ ಮಾಡಿದ್ದ.”

ಬೆಳಗಿನಿಂದ ಇದು ನಾಲ್ಕನೆಯ ಸಲ. ಮೊದಲ ಸಲ ಹೇಳುವಾಗ ‘ಕೈಯಲ್ಲಿ ಜೀವ ಹೋಯಿತು’ ಅನ್ನುವುದು ಇರಲಿಲ್ಲ. ‘ಮಾರಿ ನೋಡಿದ’ ಅನ್ನುವುದು ಈಗ ಸೇರಿತು. ಪ್ರತಿಸಲ ಲಲಿತಾ ಮುಖ ಆಚೆ ತಿರುಗಿಸುತ್ತಿದ್ದಳು. ಯಾಕೆಂದರೆ ಅದು ಸುಳ್ಳು, ಮತ್ತು ಆ ಸುಳ್ಳು ಅವಳದೇ.

*

ಯಂಕೋಬ ಗಂಗಾವತಿ ಡಿಪೊದಲ್ಲಿ ಬಸ್ ಡ್ರೈವರ್. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಒಂದು ನಾಯಿಗೂ ಗಾಲಿ ಮುಟ್ಟಿಸಿದವನಲ್ಲ. ಹುಚ್ಚು ಬಿಡದೆ ಮದುವೆಯಾಗದು ಅನ್ನುತ್ತಾರಲ್ಲ, ಇವನದು ಉಲ್ಟಾ. ಮದುವೆಯಾಗಿ ಹದಿನಾರು ವರ್ಷಕ್ಕೆ ಹುಚ್ಚು ಹಿಡಿಯಿತು. ಕೊಪ್ಪಳದ ಕಂಟ್ರಾಕ್ಟರನೊಬ್ಬ ಬಳಸಿ ಬಿಟ್ಟ ಸಣ್ಣ ಕೆಂಪು ಕಾರನ್ನು ತನ್ನೂರು ನವಲಿಗೆ ತಂದು ಬಾಗಿಲ ಮುಂದೆ ನಿಲ್ಲಿಸಿದ.

“ಬಸ್ಸಿಗೆ ಮೂಗುದಾಣ ಹಾಕಿ ಬಿಟ್ಟಿರತಾರ. ಎಷ್ಟು ಒತ್ತಿದ್ರೂ ಅಷ್ಟ,” ಅಂದ. “ಇದು ನೋಡು, ಬೆರಳು ತಾಗಿಸಿದ್ರ ಸಾಕು, ಜಿಗೀತೈತಿ.”

ಮೊದಲು ಸೈಲೆನ್ಸರಿನ ಪೈಪು ದಪ್ಪದಾಯಿತು. ಆಮೇಲೆ ಹುಬ್ಬಳ್ಳಿಗೆ ಹೋಗಿ, ಎಂಜಿನ್ನಿಗೆ ಲ್ಯಾಪ್‌ಟಾಪು ಹಚ್ಚಿಸಿ ಅದರ ಬುದ್ಧಿಯನ್ನೇ ಬದಲಿಸಿಕೊಂಡು ಬಂದ. ಓಡುವುದಕ್ಕಿಂತ ನಿಲ್ಲುವುದು ದೊಡ್ಡದು ಎಂದು ಬ್ರೇಕುಗಳನ್ನು ದೊಡ್ಡವು ಹಾಕಿಸಿದ. ಅಕ್ಬರನ ಗ್ಯಾರೇಜಿನಲ್ಲಿ ಎರಡು ಭಾನುವಾರ ಕುಳಿತು ಸ್ಪ್ರಿಂಗು ಬದಲಿಸಿ, ಕಾರನ್ನು ಎರಡು ಬೆರಳು ತಗ್ಗಿಸಿದ. ಊರವರು, “ಯಂಕೋಬಗ ಎರಡನೇ ಸಂಸಾರ ಆಗೈತಿ” ಎಂದು ನಕ್ಕರು. ಲಲಿತಾ ನಗಲಿಲ್ಲ. “ನನ್ನ ಸವತಿಗೆ ಇವತ್ತ ಏನು ಉಡಸೀರಿ?” ಎಂದು ಕೇಳುತ್ತಿದ್ದಳು.

ತಗ್ಗಿಸಿದ ಮೊದಲ ವಾರವೇ ಅವನ ತಾಯಿ ಮಾರೆವ್ವನನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯುವ ಪ್ರಸಂಗ ಬಂತು. ಮುದುಕಿಗೆ ಸೀಟಿನಿಂದ ಮೇಲೇಳಲು ಆಗಲಿಲ್ಲ. “ಇದೇನೋ ಮಗನ, ಕುಣಿಯಾಗ ಕುಂತಂಗ ಆಗತೈತಿ,” ಅಂದಳು. ಮುಂದಿನ ಭಾನುವಾರ ಯಂಕೋಬ ಮತ್ತೆ ಗ್ಯಾರೇಜಿನಲ್ಲಿದ್ದ. “ಒಂದು ಬೆರಳು ಮ್ಯಾಲೆ ಎತ್ತೋ ಅಕ್ಬರ. ಒಂದು ಬೆರಳು ಅವ್ವಗ, ಒಂದು ಬೆರಳು ನನಗ.” ಆ ಲೆಕ್ಕದಲ್ಲೇ ಕಾರು ಕೊನೆಯವರೆಗೂ ನಿಂತಿತು.

ಅದನ್ನು ಜೋರಾಗಿ ಓಡಿಸಿದ್ದು ಒಂದೇ ಸಲ. ಲಲಿತಾಳನ್ನು ತವರಿಗೆ ಕರೆದೊಯ್ಯುವಾಗ, ಕುಷ್ಟಗಿಯ ಹತ್ತಿರ ದೊಡ್ಡ ರಸ್ತೆ ಖಾಲಿ ಸಿಕ್ಕಿತು. ಅವಳು ಚೀರುತ್ತಾಳೆ ಎಂದುಕೊಂಡಿದ್ದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಸಣ್ಣ ಹುಡುಗಿಯಂತೆ ನಕ್ಕಳು. ಆಮೇಲೆ ಹನುಮಸಾಗರದವರೆಗೂ ಬೈದಳು.

ಉಳಿದ ದಿನವೆಲ್ಲ ಆ ಕಾರಿನದು ನವಲಿಯಿಂದ ಡಿಪೊಕ್ಕೆ, ಡಿಪೊದಿಂದ ನವಲಿಗೆ. ಭತ್ತದ ಟ್ರ್ಯಾಕ್ಟರುಗಳ ಕೆಸರು, ತಗ್ಗುಗಳು, ಎಮ್ಮೆಗಳು. ಬೆಳಿಗ್ಗೆ ಬಿಸಿಲೇರುವ ಮೊದಲು ಗಾಲಿಯ ಗಾಳಿ ನೋಡಬೇಕು. ಆಯಿಲ್ಲು ಕಾಯುವ ತನಕ ಒತ್ತಬಾರದು. ಸಂಜೆ ಬಂದ ಮೇಲೆ ಒಂದು ನಿಮಿಷ ಎಂಜಿನ್ನು ಬಂದ್ ಮಾಡಬಾರದು. ಇದು ಮಾತ್ರ ಮನೆಯವರಿಗೆ ವಿಚಿತ್ರವಾಗಿ ಕಂಡಿತ್ತು.

“ಬಂದು ನಿಂತ ಮ್ಯಾಲೆ ಯಾಕ ಗುಡುಗುಡು?” ಎಂದು ಮಾರೆವ್ವ ಕೇಳಿದ್ದಳು.

“ಒಳಗ ಟರ್ಬೊ ಅಂತ ಒಂದು ಸಣ್ಣ ಫ್ಯಾನ್ ಐತಬೇ. ಓಡಿ ಬಂದಾಗ ಕೆಂಡ ಆಗಿರತೈತಿ. ಗಪ್ಪನ ಬಂದ್ ಮಾಡಿದ್ರ ಆಯಿಲ್ಲು ಅಲ್ಲೇ ಸುಟ್ಟು ಕರಕಲಾಗತೈತಿ. ಓಡಿ ಬಂದ ಎತ್ತಿನ ನೊಗಾ ಇಳಿಸಿ, ದಣಿವು ಆರೂ ತನಕ ನಿಲ್ಲಸಂಗಿಲ್ಲೇನು? ಹಂಗ. ಅರವತ್ತು ಎಣಿಸೂದು, ಬಂದ್ ಮಾಡೂದು.”

ಮಾರೆವ್ವನಿಗೆ ಲೆಕ್ಕ ಬರುತ್ತಿದ್ದುದು ಇಪ್ಪತ್ತರ ತನಕ. “ಅಂದ್ರ ಮೂರು ಇಪ್ಪತ್ತು,” ಅಂದಳು. ಅಂದಿನಿಂದ ಅವಳೂ ಕಟ್ಟೆಯ ಮೇಲೆ ಕುಳಿತು ಬೆರಳು ಮಡಚಿ ಎಣಿಸತೊಡಗಿದಳು. ಲಲಿತಾ ಎಣಿಸುತ್ತಿರಲಿಲ್ಲ. ಬಾಗಿಲಲ್ಲಿ ಸಪ್ಪಳ ಬಂದು ನಿಂತಿತೆಂದರೆ ಚಹಾಕ್ಕೆ ನೀರಿಡುತ್ತಿದ್ದಳು. ಎಂಜಿನ್ನು ಬಂದ್ ಆಗುವುದಕ್ಕೂ ಚಹಾಪುಡಿ ಹಾಕುವುದಕ್ಕೂ ಸರಿಯಾಗುತ್ತಿತ್ತು. ಎಂಟು ವರ್ಷ ಅದರಲ್ಲಿ ಹೆಚ್ಚುಕಡಿಮೆಯಾದದ್ದಿಲ್ಲ.

*

ಯಂಕೋಬನನ್ನು ಹೊರಗೆ ತಂದು ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದರು. ಡಿಪೊದಿಂದ ಒಂದು ಗಾಡಿ ಮಂದಿ ಬಂದರು. ಕಂಡಕ್ಟರ್ ಬಾಲಪ್ಪ ಹನ್ನೊಂದು ವರ್ಷ ಯಂಕೋಬನ ಜೋಡಿ ಡ್ಯೂಟಿ ಮಾಡಿದವನು. ಹಾರ ಹಾಕಿ ಲಲಿತಾಳ ಮುಂದೆ ನಿಂತ.

“ಆರಾಮಿದ್ದನ್ರಿ ಅಕ್ಕಾ. ನಿನ್ನಿ ಎದಿ ಉರೀತೈತಿ ಅಂದಿದ್ದ, ಮಿರ್ಚಿ ತಿಂದಿದ್ದು ಆಗಿರಬೇಕು ಅಂತ ನಾನ ಸೋಡಾ ಕುಡಿಸಿದೆ,” ಎಂದು ಅಳತೊಡಗಿದ. “ನೀವರ ಕಡೀಗಾಲಕ್ಕ ಹತ್ರ ಇದ್ರಲ್ಲ. ಅಷ್ಟ ಸಮಾಧಾನ.”

ಲಲಿತಾ ಎದ್ದು ಒಳಗೆ ಹೋಗಿಬಿಟ್ಟಳು. ತಡೆದುಕೊಳ್ಳಲಾಗಲಿಲ್ಲ ಪಾಪ ಎಂದು ಮಂದಿ ಮಾತಾಡಿಕೊಂಡರು.

*

ನಿನ್ನೆ ಸಂಜೆ ಆರರ ಹೊತ್ತು. ಓಣಿಯ ತಿರುವಿನಲ್ಲೇ ಸಪ್ಪಳ ಕೇಳಿತು, ಬಾಗಿಲಿಗೆ ಬಂದು ನಿಂತಿತು. ಲಲಿತಾ ಚಹಾಕ್ಕೆ ಇಟ್ಟಳು. ನೀರು ಕುದಿಯಿತು, ಪುಡಿ ಹಾಕಿದಳು, ಹಾಲು ಹಾಕಿದಳು. ಎಂಜಿನ್ನು ಬಂದ್ ಆಗಲಿಲ್ಲ.

ಇವತ್ತು ಜೋರು ಓಡಿಸಿಕೊಂಡು ಬಂದಿರಬೇಕು, ಆರಲಿ ಎಂದುಕೊಂಡಳು. ಎರಡು ಕಪ್ಪಿಗೆ ಸೋಸಿದಳು. ಬೆಳಿಗ್ಗೆ ಅವಳಿಗೂ ಅವನಿಗೂ ಸಣ್ಣ ಜಗಳವಾಗಿತ್ತು. ರಜೆ ಹಾಕಿ ತವರಿಗೆ ಕರೆದೊಯ್ಯಿರಿ ಅಂದರೆ ಆಯಿಲ್ಲು ಬದಲಿಸುವುದಿದೆ ಅಂದಿದ್ದ. ಕುಂಡ್ರಲಿ, ಸವತಿ ಜೋಡಿ ಎಷ್ಟೊತ್ತು ಕುಂಡ್ರತಾನ ನೋಡೂಣು, ನಾ ಯಾಕ ಕರೀಲಿ ಎಂದುಕೊಂಡು ಟಿವಿಯ ಮುಂದೆ ಕುಳಿತು ತನ್ನ ಚಹಾ ಕುಡಿದಳು. ಅವನ ಕಪ್ಪಿನ ಮೇಲೆ ತಟ್ಟೆ ಮುಚ್ಚಿದಳು. ಬೇರೆ ಯಾವ ಮನೆಯವಳಾದರೂ ಬಾಗಿಲಲ್ಲಿ ಗಾಡಿ ಸುಮ್ಮನೆ ಗುಡುಗುಡಿಸುತ್ತ ನಿಂತಿದ್ದರೆ ಎದ್ದು ಹೋಗಿ ನೋಡುತ್ತಿದ್ದಳು. ಅವಳಿಗೆ ಆ ಸಪ್ಪಳವೆಂದರೆ ಅವನು ಬಂದಿದ್ದಾನೆ, ಈಗ ಒಳಗೆ ಬರುತ್ತಾನೆ ಅಂತಲೇ ಅರ್ಥ.

ತಟ್ಟೆ ತೆಗೆದು ನೋಡಿದಾಗ ಚಹಾ ಕೆನೆಗಟ್ಟಿತ್ತು. ಆಗ ಹೊರಗೆ ಹೋದಳು. ಯಂಕೋಬ ತಲೆಯನ್ನು ಕಿಟಕಿಯ ಕಡೆ ಹಾಕಿ ತೂಕಡಿಸಿದವನಂತೆ ಕುಳಿತಿದ್ದ. ಒಂದು ಕೈ ಗೇರಿನ ಮೇಲಿತ್ತು. ಅವಳು ಮೊದಲು ಕೈ ಹಾಕಿ ಚಾವಿ ತಿರುವಿ ಎಂಜಿನ್ನು ಬಂದ್ ಮಾಡಿದಳು. ಆಮೇಲೆ ಅವನನ್ನು ಮುಟ್ಟಿದಳು.

“ಹತ್ತು ನಿಮಿಷದ ಆಟ ಅಕ್ಕಾ ಇದು, ಹಾರ್ಟಿಂದು. ಅಷ್ಟ್ರಾಗ ಸಿಕ್ರ ಉಳೀತಾರ,” ಅಂದ ಆಂಬುಲೆನ್ಸಿನವನು ದಾರಿಯಲ್ಲಿ. ಆಸ್ಪತ್ರೆಯಲ್ಲಿ ಡಾಕ್ಟರು ಎಷ್ಟು ಹೊತ್ತಾಯಿತು ಎಂದು ಕೇಳಿದರು. “ಈಗರಿ,” ಅಂದಳು ಲಲಿತಾ. “ಗಾಡಿ ನಿಂತ ಕೂಡ್ಲೇ ನಾ ಓಡಿ ಬಂದೆ.”

*

ಒಳಕೋಣೆಯಲ್ಲಿ ಮಾರೆವ್ವ ಒಬ್ಬಳೇ ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣಿನ ಪೊರೆ ತೆಗೆಸಿದರೂ ಅವಳಿಗೆ ಎಲ್ಲ ಮಸುಕು. ಲಲಿತಾ ಅವಳ ಮುಂದೆ ಕುಸಿದಳು.

“ಅತ್ತಿ, ನಾ ಸುಳ್ಳು ಹೇಳೀನಿ. ನಾ ಓಡಿ ಹೋಗಲಿಲ್ಲ. ಸಿಟ್ಟು ಮಾಡಿಕೊಂಡು ಒಳಗ ಚಾ ಕುಡಕೋತ ಕುಂತಿದ್ದೆ. ಹತ್ತು ನಿಮಿಷರ ಆಗಿರಬೇಕು. ನಿಮ್ಮ ಮಗನ್ನ ನಾನ ಕೊಂದೆ.”

ಮಾರೆವ್ವ ತಡಕಾಡಿ ಸೊಸೆಯ ಕೈ ಹಿಡಿದಳು. ಹೊರಗೆ ಭಜನೆಯವರು ತಾಳ ಸರಿಮಾಡಿಕೊಳ್ಳುತ್ತಿದ್ದರು.

“ನಿನ್ನಿ ನಾ ಎಲ್ಲಿದ್ದೆ?” ಎಂದು ಕೇಳಿದಳು. “ಕಟ್ಟಿ ಮ್ಯಾಲೆ ಇದ್ದೆನವಾ. ಗಾಡಿಗೂ ನನಗೂ ನಾಕು ಮಾರು. ಮೂರು ಇಪ್ಪತ್ತು ಆದ್ವು, ಸಪ್ಪಳ ನಿಲ್ಲಲಿಲ್ಲ. ತಪ್ಪಿ ಎಣಿಸಿದೆ ಅಂತ ಮತ್ತ ಒಂದರಿಂದ ಹಿಡದೆ. ನಾಕನೇ ಇಪ್ಪತ್ತು ಆತು, ಐದನೇದು ಆತು. ಗಾಡಿ ಭಾಳ ಕಾದೈತಿ, ಆರಸಾಕತ್ತಾನ ನನ ಮಗ ಅಂದುಕೊಂಡೆ. ಯಂಕ್ಯಾ ಅಂತ ಒಂದು ಸಲ ಕರದಿದ್ರ ಆಗತಿತ್ತಲ್ಲ. ಕರೀಲಿಲ್ಲ. ಎಣಿಸಿಕೋತ ಕುಂತೆ.” ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. “ಹೆತ್ತಾಕಿ ನಾನು. ನಾ ಯಾರ ಮುಂದ ಹೇಳ್ಲಿ?”

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಆಗ ಎದ್ದ ಅಳುವಿನ ದನಿಗೆ ಹೊರಗಿನ ಭಜನೆ ಕೂಡ ಒಂದು ಗಳಿಗೆ ತಡೆಯಿತು.

*

ಹೆಣ ಎತ್ತಿದರು. ಅವರ ಮನೆತನದಲ್ಲಿ ಹೆಂಡತಿ ಕುಣಿಯ ತನಕ ಹೋಗುವುದಿಲ್ಲ. ಲಲಿತಾ ಊರಬಾಗಿಲ ಅಗಸಿಯವರೆಗೆ ಹೋಗಿ ಹಿಂದಿರುಗಿದಳು. ಮಾರೆವ್ವನಿಗೆ ಕುಣಿ ತೆಗೆದಿದ್ದ ಹೊಲದ ತನಕ ನಡೆಯಲು ಆಗುವಂತಿರಲಿಲ್ಲ. ಅಮೃತಾ ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಂದಿಯ ಹಿಂದೆ ನಿಧಾನ ಓಡಿಸಿದಳು. ಕಾರು ಇಂದೇ ಹೋಗಬೇಕೆಂದು ಲಲಿತಾ ಹಟ ಹಿಡಿದಿದ್ದರಿಂದ, ಎಲ್ಲ ಮುಗಿದ ಮೇಲೆ ಅದನ್ನು ಅಕ್ಬರನ ಗ್ಯಾರೇಜಿಗೆ ಒಯ್ಯುವುದೆಂದು ಅಯ್ಯಪ್ಪ ಹೇಳಿದ್ದ.

ರೇಣುಕಾ ಮತ್ತು ಉಳಿದ ಹೆಂಗಸರು ಮನೆ ತೊಳೆದು ದೀಪ ಹಚ್ಚಿಟ್ಟರು. ಒಲೆ ಹಚ್ಚದೆ ಅದರ ಮೇಲೆ ಸಗಣಿ ಬಳಿದರು, ಸೂತಕದ ಮನೆಗೆ ಬುತ್ತಿ ಮಗ್ಗಲ ಮನೆಯಿಂದ ಬರಬೇಕು. ಲಲಿತಾ ತಲೆಗೆ ನೀರು ಹಾಕಿಕೊಂಡು ಅಡುಗೆ ಮನೆಯ ಹೊಸ್ತಿಲಲ್ಲಿ ಕುಳಿತಿದ್ದಳು. ಮಧ್ಯಾಹ್ನ ಇಳಿಯತೊಡಗಿತ್ತು.

ಓಣಿಯ ತಿರುವಿನಲ್ಲಿ ಸಪ್ಪಳ ಕೇಳಿತು. ಬಂದು ಬಾಗಿಲಲ್ಲಿ ನಿಂತಿತು. ಗುಡುಗುಡು.

ಲಲಿತಾ ಎದ್ದಳು. ಕೈ ಚಹಾದ ಪಾತ್ರೆಯನ್ನು ತೆಗೆದುಕೊಂಡಿತು, ಅದರಲ್ಲಿ ನೀರು ಹಾಕಿತು. ಹಚ್ಚಲು ಹೋದಾಗ ಒಲೆಯ ಮೇಲೆ ಬಳಿದಿದ್ದ ಸಗಣಿ ಕಂಡಿತು. ಪಾತ್ರೆ ಕೈಯಿಂದ ಬಿತ್ತು. ಅವಳು ಓಡಿದಳು. ಒದ್ದೆ ಕೂದಲು, ಬರಿಗಾಲು, ಸೆರಗು ನೆಲದ ಮೇಲೆ. ಹೆಂಗಸರು ದಾರಿ ಬಿಟ್ಟರು. ಓಡಿ ಹೋಗಿ ಕಾರಿನ ಬಾಗಿಲು ತೆಗೆದು, ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಚ್ಚಗಿತ್ತು.

“ಅವ್ವಾ, ಏನಾತು? ನಿಮಿಷ ಆಗಿಲ್ಲ ಅಂತ ಹಂಗ ಬಿಟ್ಟಿದ್ದೆ,” ಅಮೃತಾ ಗಾಬರಿಯಾದಳು. “ಅಪ್ಪ ಬೈತಾನ ಅಂತ...”

“ನಾ ಬರಲಿಲ್ಲ ಅಮೃತಾ,” ಅಂದಳು ಲಲಿತಾ. ರೇಣುಕಾ, ಅಯ್ಯಪ್ಪ, ಅಕ್ಬರ, ಬಾಲಪ್ಪ, ಹೊಲದಿಂದ ಹಿಂದಿರುಗಿದ ಮಂದಿ, ಎಲ್ಲರಿಗೂ ಕೇಳುವಂತೆ ಅಂದಳು. “ನಿನ್ನಿ ನಾ ಹಿಂಗ ಓಡಿ ಬರಲಿಲ್ಲ. ಒಳಗ ಕುಂತಿದ್ದೆ.”

ಬಾಲಪ್ಪ ತಲೆ ತಗ್ಗಿಸಿದ. ಅಮೃತಾ ಅವ್ವನ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟಳು, ಬಿಡಿಸಿಕೊಳ್ಳಲಿಲ್ಲ. ಹಿಂದಿನ ಸೀಟಿನಲ್ಲಿ ಮಾರೆವ್ವ ಬೆರಳು ಮಡಚುತ್ತ ಸಣ್ಣ ದನಿಯಲ್ಲಿ ಎಣಿಸುತ್ತಿದ್ದಳು.

“...ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಮೂರು ಆದ್ವು, ಯವ್ವಾ. ಬಂದ್ ಮಾಡು.”

ಅಮೃತಾ ಚಾವಿ ತಿರುವಿದಳು. ಓಣಿಯೆಲ್ಲ ಗಪ್ಪಾಯಿತು. ಮಾರೆವ್ವ ಮಡಚಿದ ಬೆರಳುಗಳನ್ನು ಬಿಡಿಸಿದಳು, ಮಗ ಬರುವುದನ್ನು ಕಾಯುವವಳಂತೆ ಬಾಗಿಲ ಕಡೆ ಮುಖ ಮಾಡಿದಳು, ಮತ್ತೆ ಒಂದರಿಂದ ಹಿಡಿದಳು.

“ಒಂದು... ಎರಡು...”