ಸುಲಿದ ಮುಲಂಗ

ಮಸಿಂಡಿ ನಾಟಿ ಔಷಧಿ ಕೊಡುವವಳು. ದಕ್ಷಿಣ ಆಫ್ರಿಕದ ವೆಂಡಾ ಸೀಮೆಯ ಆ ಗುಡ್ಡದೂರಿನಲ್ಲಿ ಕೆಮ್ಮಿ ಕೆಮ್ಮಿ ಸೊರಗಿದವರು ಮೊದಲು ಬರುತ್ತಿದ್ದುದು ಅವಳ ಅಂಗಳಕ್ಕೇ. ಮನೆಯ ಹಿಂದಿನ ಏರಿನಲ್ಲಿ ಅವಳ ತಾಯಿ ನೆಟ್ಟ ಮುಲಂಗ ಮರವಿತ್ತು. ಕೆಮ್ಮಿಗೆ ಮದ್ದಾದ ಅದರ ತೊಗಟೆ ನಾಲಿಗೆಗೆ ಮೆಣಸಿನ ಹಾಗೆ ಚುರುಕ್ಕೆನ್ನುತ್ತದೆ. ಕಾಡಿನ ಮುಲಂಗಗಳನ್ನೆಲ್ಲ ಸಂತೆಯವರು ಸುಲಿದು ಮುಗಿಸಿದ್ದರಿಂದ ಆ ಸುತ್ತಿನಲ್ಲಿ ಉಳಿದದ್ದು ಅದೊಂದೇ.

ತಮ್ಮನ ಮಗಳು ವೊನಾನಿ ವಿಶ್ವವಿದ್ಯಾಲಯದಿಂದ ಬಂದು, ಮಂಡಿಯೂರಿ ನಮಸ್ಕರಿಸಿ, ಆ ತೊಗಟೆ ಬೇಕೆಂದಾಗ ಮಸಿಂಡಿಯ ಮೈಯೆಲ್ಲ ಕಣ್ಣಾಯಿತು.

"ಯಾಕೆ? ನಿನಗೆ ಕೆಮ್ಮು ಹತ್ತಿದೆಯಾ?"

"ಪರೀಕ್ಷೆ ಮಾಡೋಕೆ ಅತ್ತೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲ್ವಾ, ಹಾಗೆ ನಮ್ಮ ಮೈಯೊಳಗೂ ಒಂಥರಾ ತುಕ್ಕು ಹಿಡಿಯುತ್ತೆ. ಅದನ್ನ ತಡೆಯೋ ಗುಣ ನಿಮ್ಮ ತೊಗಟೆಯಲ್ಲಿ ಎಷ್ಟಿದೆ ಅಂತ ನೋಡ್ಬೇಕು."

"ನೋಡಿ?"

"ನೋಡಿ... ತಿಳ್ಕೊಳ್ಳೋದು."

ಆ "ನೋಡಿ" ಎಂದು ತಡವರಿಸಿದ್ದು ಮಸಿಂಡಿಯ ಮನಸ್ಸಿನಲ್ಲಿ ಮುಳ್ಳಾಗಿ ಕೂತಿತು. ಹಿಂದೆ ಹೀಗೇ ನಗುತ್ತಾ ಬಂದವರು ನೆರೆಯೂರಿನ ಮುದುಕಿಯೊಬ್ಬಳಿಂದ ಔಷಧಿಯ ಬೇರು ಕೇಳಿ ಒಯ್ದಿದ್ದರು. ಆಮೇಲೆ ಅದು ಅಂಗಡಿಯಲ್ಲಿ ಶೀಷೆಯ ಔಷಧಿಯಾಗಿ ಕಾಣಿಸಿಕೊಂಡಿತು. ಕೊಟ್ಟ ಮುದುಕಿಯ ಹೆಸರು ಅದರ ಮೇಲೆ ಎಲ್ಲಿಯೂ ಇರಲಿಲ್ಲ. ಮಸಿಂಡಿ ಒಳಗೆ ಹೋಗಿ, ಮುಲಂಗದ ಬದಲು ಬೇಲಿಯ ಮರುಲ ಮರದಿಂದ ತೆಗೆದಿಟ್ಟ ತೊಗಟೆಯನ್ನು ಬಟ್ಟೆಯಲ್ಲಿ ಕಟ್ಟಿ ತಂದುಕೊಟ್ಟಳು. ವೊನಾನಿ ಅದನ್ನು ಮೂಗಿನ ಹತ್ತಿರ ಹಿಡಿದಳು, ಅತ್ತೆಯ ಮುಖ ನೋಡಿದಳು, ಗಂಟನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಆ ಸಂಜೆ ಮೈದುನ ರಬೆಲಾನಿ ಅಂಗಳಕ್ಕೆ ಬಂದ. ಅವನ ಸೋರೆಬುರುಡೆಗೆ ಮದ್ಯ ಬಗ್ಗಿಸುತ್ತಾ ಮಸಿಂಡಿ ಮನಸ್ಸಿನ ಕಹಿಯನ್ನೂ ಬಗ್ಗಿಸಿದಳು.

"ಆ ತೊಗಟೆ ಅಂದ್ರೆ ಬಂಗಾರ ಕಣೋ. ಇಲ್ದಿದ್ರೆ ಓದಿದವರು ಯಾಕೆ ನನ್ನ ಬಾಗಿಲು ಕಾಯ್ತಾರೆ? ಇವತ್ತು ಕೇಳಿದಾಳೆ, ನಾಳೆ ಕೇಳದೇ ಒಯ್ತಾಳೆ, ನೋಡ್ತಿರು."

"ಹೌದಾ ಅತ್ತಿಗೆ?" ಎಂದ ರಬೆಲಾನಿ. ಬುರುಡೆಯನ್ನು ತುಟಿಗಿಡುವುದನ್ನೇ ಮರೆತಿದ್ದ.

ಮುಂದಿನ ವಾರ ಮಸಿಂಡಿ ಏರು ಹತ್ತಿದಳು. ಮುಲಂಗದ ಬುಡದಿಂದ ಕೈ ಎಟುಕುವವರೆಗೂ ಸುತ್ತಲೂ ಯಾರೋ ತೊಗಟೆ ಸುಲಿದಿದ್ದರು. ಒಂದು ಕಡೆ ಸುಲಿದರೆ ಮರ ತಾಳಿಕೊಳ್ಳುತ್ತದೆ. ಸುತ್ತ ಸುಲಿದರೆ ಉಳಿಯುವುದಿಲ್ಲ. ಬೋಳು ಮರ ಇನ್ನೂ ಒದ್ದೆಯಾಗಿತ್ತು.

ಯಾರೆಂದು ಅವಳು ಯಾರನ್ನೂ ಕೇಳಲಿಲ್ಲ. ಶಾಲು ಬಿಗಿದುಕೊಂಡು ಟ್ಯಾಕ್ಸಿ ಹತ್ತಿದಳು, ಥೊಹೊಯಾಂಡೌ ಪಟ್ಟಣದಲ್ಲಿ ಇಳಿದಳು, ಕೇಳಿ ಕೇಳಿ ವಿಶ್ವವಿದ್ಯಾಲಯದ ಪ್ರಯೋಗಾಲಯದ ಬಾಗಿಲು ತಳ್ಳಿದಳು. ಬಿಳಿ ಅಂಗಿ ತೊಟ್ಟ ವೊನಾನಿ ಒಂದು ಗಾಜಿನ ನಳಿಗೆಯಲ್ಲಿದ್ದ ನೇರಳೆ ನೀರಿಗೆ ಕಂದು ಕಷಾಯ ಬಿಡುತ್ತಿದ್ದಳು. ನೇರಳೆ ಕರಗಿ ಹಳದಿಯಾಯಿತು.

"ಸಿಕ್ಕಿಬಿದ್ದೆ!" ಮಸಿಂಡಿ ಕೂಗಿದಳು. "ನನ್ನ ತಾಯಿಯ ಮರವನ್ನ ಕುದಿಸಿ ಕೂತಿದೀಯಾ!"

"ಅತ್ತೆ, ಇದು ಮರುಲ. ನೀವೇ ಕೊಟ್ಟಿದ್ದು."

ಮಸಿಂಡಿ ಮೇಜಿನ ಮೇಲಿದ್ದ ತನ್ನ ಬಟ್ಟೆಯ ಗಂಟನ್ನು ಗುರುತಿಸಿದಳು.

"ಅವತ್ತು ಮೂಸಿದ ಕೂಡ್ಲೇ ನನಗೆ ಗೊತ್ತಾಯ್ತು. ಖಾರದ ಘಾಟೇ ಇರಲಿಲ್ಲ. ನಂಬಿಕೆ ಬಂದ್ಮೇಲೆ ನೀವೇ ಕೊಡ್ತೀರಿ ಅಂತ ಸುಮ್ನಿದ್ದೆ." ವೊನಾನಿ ನಳಿಗೆ ಕೆಳಗಿಟ್ಟಳು. "ಇದರಲ್ಲೂ ತುಕ್ಕು ತಡೆಯೋ ಗುಣ ಜೋರಾಗೇ ಇದೆ. ಚಹಾ ಹಾಕಿದ್ರೂ ಈ ನೇರಳೆ ನೀರು ಹಳದಿ ಆಗುತ್ತೆ. ಬಣ್ಣ ತಿರುಗಿದ್ದಕ್ಕೇ ಕೆಮ್ಮು ವಾಸಿ ಆಗುತ್ತೆ ಅನ್ನೋಕಾಗಲ್ಲ. ಅದಿರಲಿ, ಮರಕ್ಕೆ ಏನಾಯ್ತು?"

ಮರ ಸುಲಿದದ್ದನ್ನು ಹೇಳುವಾಗಲೂ ಮಸಿಂಡಿ ಕಪಾಟುಗಳ ಮೇಲೆ ಕಣ್ಣಾಡಿಸುತ್ತಲೇ ಇದ್ದಳು. ವೊನಾನಿ ಒಂದೊಂದನ್ನೂ ತೆರೆದು ತೋರಿಸಿದಳು. ಆಮೇಲೆ, "ಅಷ್ಟೊಂದು ಹಸಿ ತೊಗಟೆ ಮನೇಲಿಟ್ಕೊಂಡು ಯಾರೇನು ಮಾಡ್ತಾರೆ? ಸಂತೆಗೆ ಹೋಗೋಣ ನಡೀರಿ," ಎಂದಳು.

ಸಂತೆಯಲ್ಲಿ ತಿನ್ನಲು ಒಣಗಿಸಿದ ಹುಳುಗಳ ರಾಶಿ ದಾಟಿದರೆ ಬೇರು ನಾರಿನ ಸಾಲು. ಮೂರನೆಯ ಚೀಲದಿಂದ ಒಂದು ಚೂರು ಕಚ್ಚಿದ ಮಸಿಂಡಿಯ ನಾಲಿಗೆ ಚುರುಕ್ಕೆಂದು ಕಣ್ಣಲ್ಲಿ ನೀರು ಬಂತು.

"ಎಲ್ಲಿಂದ ಬಂತಮ್ಮ ಇದು?"

"ನಿಮ್ಮ ಮೈದುನನೇ ತಂದ್ಕೊಟ್ಟಿದ್ದಲ್ವಾ?" ಮಾರುವವಳು ಬೆರಗಾದಳು. "ಅತ್ತಿಗೇನೇ ಕಳ್ಸಿದಾಳೆ ಅಂದ."

ಊರಿಗೆ ಮರಳಿ ಕೇಳಿದಾಗ ರಬೆಲಾನಿ ಓಡಲೂ ಇಲ್ಲ, ಅಡಗಲೂ ಇಲ್ಲ. "ಬಂಗಾರ ಅಂದಿದ್ದು ನೀನೇ. ಆ ಹುಡುಗಿ ಕೇಳದೇ ಒಯ್ತಾಳೆ ಅಂದಿದ್ದೂ ನೀನೇ. ಹೇಗೂ ಹೋಗೋದು, ಮನೆಯವರ ಕೈಗೇ ಸಿಗಲಿ ಅಂದ್ಕೊಂಡೆ," ಎಂದ. ಬೈಯಲೆಂದು ಬಂದ ಮಸಿಂಡಿ ಏರಿನ ಕಡೆ ತಿರುಗಿದಳು.

ಅತ್ತೆ ಸೊಸೆ ಇಬ್ಬರೂ ಏರು ಹತ್ತಿದರು. ಮೇಲೆ ಎಲೆಗಳು ಏನೂ ಆಗಿಲ್ಲವೆಂಬಂತೆ ಹಸಿರಾಗಿದ್ದವು.

"ಎಲೆಯೂ ಖಾರ ಇರುತ್ತೆ ಅತ್ತೆ. ತೊಗಟೆಯ ಗುಣ ಎಲೆಯಲ್ಲೂ ಇದ್ರೆ ಇನ್ಮೇಲೆ ಯಾರೂ ಮರ ಸುಲಿಯೋದು ಬೇಡ. ಬಾಡೋಕೆ ಮುಂಚೆ ಸ್ವಲ್ಪ ಕೊಡ್ತೀರಾ?"

 ಮಸಿಂಡಿ ಒಂದು ಕೊಂಬೆ ಬಗ್ಗಿಸಿ, ಎಲೆ ಬಿಡಿಸಿ ತನ್ನ ಮಡಿಲಿಗೇ ಹಾಕಿಕೊಂಡಳು.

"ನಡಿ, ನಾನೂ ಬರ್ತೀನಿ. ಅರೆಯೋದು ನನ್ನ ಕಣ್ಮುಂದೆಯೇ ಆಗ್ಬೇಕು."